ಜೂನ್ ಒಂದಕ್ಕೆ ಹುಟ್ಟಿದವರ ನಡುವೆ

ಆಡೂರು, ತಾ. ಹಾನಗಲ್ಲ
೩-೬-೨೦೨೫, ಮಂಗಳವಾರ

ಪ್ರೀತಿಯ ಹುಲಗೇಶಾ,

ನಿನ್ನ ಜೊತೆಗೇ ಹುಟ್ಟಿದ ಫಕ್ಕೀರಪ್ಪ ಮಾಡುವ ಆಶೀರ್ವಾದ. ನಮಸ್ಕಾರ ಎಂದು ಬರೆಯದೆ ಆಶೀರ್ವಾದ ಎಂದು ಬರೆದದ್ದಕ್ಕೆ ನೀನು ಈಗಲೇ ಹುಬ್ಬು ಗಂಟಿಕ್ಕಿರುತ್ತೀ. ಯಾಕೆ ಹಾಗೆ ಬರೆದೆ ಎಂದು ಮುಂದೆ ಹೇಳುತ್ತೇನೆ, ಸಮಾಧಾನದಿಂದ ಓದು. ಮೊದಲು ನಿನ್ನ ಮೈ ಹೇಗಿದೆ ತಿಳಿಸು. ಲಕ್ವಾ ಹೊಡೆದ ಬಲಗಡೆಯ ತುಟಿ ಸ್ವಲ್ಪವಾದರೂ ಮೇಲೆದ್ದಿದೆಯೇ? ಚಹಾ ಈಗಲೂ ಅಂಗಿಯ ಮೇಲೆ ಸೋರುತ್ತದೆಯೇ? ಮಲಗಿದಾಗ ಆ ಕಣ್ಣು ಪೂರ್ತಿ ಮುಚ್ಚುತ್ತದೆಯೇ? ಡಾಕ್ಟರು ಹೇಳಿದ ಹಾಗೆ ಕನ್ನಡಿಯ ಮುಂದೆ ಕುಳಿತು ಗಲ್ಲ ಉಬ್ಬಿಸುತ್ತೀಯೋ, ಇಲ್ಲ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತು ಅಬಲೂರಿನ ಬಸ್ಸು ಲೆಕ್ಕ ಹಾಕುತ್ತೀಯೋ? ನಾನು ಫೋನು ಮಾಡಿದಾಗಲೆಲ್ಲ ನಿನ್ನ ಮಗಳು ಶೀಲಾ “ಅಪ್ಪಾ ಮಲಗ್ಯಾನ್ರಿ ಕಾಕಾ” ಅನ್ನುತ್ತಾಳೆ. ಹೊತ್ತೇರಿದ ಮೇಲೆ ಮಲಗಿರುವ ಜಾತಿ ನಿನ್ನದಲ್ಲ. ಪಕ್ಕದಲ್ಲಿ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ, ನಿನ್ನ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇ? ಮಾತು ತೊದಲುತ್ತದೆ ಎಂಬ ನಾಚಿಕೆ ಇರಬೇಕು. ನನ್ನ ಮುಂದೆ ಎಂಥ ನಾಚಿಕೆಯೋ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ಮುಂದೆ ಮಲಗಿದವನ ಹಾಗೆ ನಟಿಸಿ ಪ್ರಯೋಜನವಿಲ್ಲ, ಎದ್ದ ಮೇಲೆ ಅದು ಅಲ್ಲೇ ಇರುತ್ತದೆ.

ಇಲ್ಲಿ ರೋಹಿಣಿ ಮಳೆ ಬಂದ ಹಾಗೆ ಮಾಡಿ ಹೋಯಿತು. ಊರಲ್ಲಿ ಗೋವಿನಜೋಳ ಬಿತ್ತುವ ಗಡಿಬಿಡಿ. ನಮ್ಮ ಮನೆಯಾಕೆ ಕರೆವ್ವ ದಿನಾ ಕೂಲಿಗೆ ಹೋಗುತ್ತಾಳೆ, ಸಂಜೆ ಬಂದು ಮೊಣಕಾಲು ಒತ್ತಿಕೊಳ್ಳುತ್ತ ನಿನ್ನನ್ನೂ ನನ್ನನ್ನೂ ಕೂಡಿಸಿ ಬೈಯುತ್ತಾಳೆ. ನೀನು ಇದ್ದಾಗ ಅರ್ಧ ಬೈಗುಳ ನಡುಗೋಡೆಯ ಆಚೆ ನಿನ್ನ ಮನೆಗೆ ಹೋಗುತ್ತಿತ್ತು, ಈಗ ಎಲ್ಲವೂ ನನಗೇ ಬೀಳುತ್ತದೆ. ನಿನ್ನ ಬಾಗಿಲು ವಾರಕ್ಕೊಮ್ಮೆ ತೆಗೆದು ಕಸ ಹೊಡೆಯುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ನಡುಗೋಡೆಯನ್ನು ಬಡಿಯಲು ಕೈ ಎತ್ತುವ ಚಾಳಿ ಇನ್ನೂ ಹೋಗಿಲ್ಲ. ಎತ್ತಿದ ಕೈಯಿಂದ ತಲೆ ಕೆರೆದುಕೊಳ್ಳುತ್ತೇನೆ.

ಈಗ ಸುದ್ದಿ ಕೇಳು. ಶಿಗ್ಗಾವಿಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುವ ಲೋಹಿತ ಎಂಬ ಹುಡುಗನಿದ್ದಾನೆ. ನಮ್ಮಂಥ ಮುದುಕ ಕಲಾವಿದರಿಗೆ ಮಾಸಾಶನದ ಅರ್ಜಿ ತುಂಬಿಕೊಡುವ ಪುಣ್ಯದ ಕೆಲಸವನ್ನೂ ಮಾಡುತ್ತಾನೆ. ಹಾಗೆ ತುಂಬುತ್ತ ತುಂಬುತ್ತ ಅವನಿಗೆ ಕಂಡದ್ದೇನೆಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹೆಸರಾದ ವಾದ್ಯಗಾರರು, ಹಾಡುವವರು ಹೆಚ್ಚುಕಡಿಮೆ ಎಲ್ಲರೂ ಹುಟ್ಟಿದ್ದು ಜೂನ್ ಒಂದಕ್ಕೆ! ನೀನು ನಗುತ್ತಿರಬೇಕು. ನಮ್ಮ ಕಾಲದಲ್ಲಿ ತಾರೀಖು ಯಾವ ಅವ್ವನಿಗೆ ನೆನಪಿತ್ತು? ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ನಮ್ಮ ಮುಖ ನೋಡಿ ವರ್ಷ ಹಾಕುತ್ತಿದ್ದರು, ಶಾಲೆ ಸುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿಬಿಡುತ್ತಿದ್ದರು. ನಾನು ಲೋಹಿತನಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಹೋದೆ. ಅವನು ಕೈ ಮುಗಿದು, “ಎಲ್ಲಾ ಗೊತ್ತೈತ್ರಿ ಕಾಕಾ, ನಮ್ಮಪ್ಪಂದೂ ಜೂನ್ ಒಂದ. ಆದ್ರ ನೀವ್ಯಾರೂ ಒಮ್ಮಿನೂ ಹುಟ್ಟಿದಹಬ್ಬ ಮಾಡ್ಕೊಂಡವರಲ್ಲ. ಮಾಸ್ತರು ಒಂದ ದಿನಾ ಕೊಟ್ಟಾರ, ಅದನ್ನರ ಎಲ್ಲಾರೂ ಕೂಡಿ ಮಾಡೋಣ ಬರ್ರಿ” ಅಂದ. ಹುಡುಗ ಶಾಣ್ಯಾ ಇದ್ದಾನೆ.

ಆದರೆ ಈ ನಾಲ್ಕು ತಾಲೂಕಿನಲ್ಲಿ ನಿಜವಾಗಿಯೂ ಒಂದೇ ದಿನ ಹುಟ್ಟಿದ ವಾದ್ಯಗಾರರು ನನಗೆ ತಿಳಿದ ಮಟ್ಟಿಗೆ ಇಬ್ಬರೇ, ನೀನು ಮತ್ತು ನಾನು. ಅದರಲ್ಲಿ ಆಮಂತ್ರಣ ಬಂದದ್ದು ನನಗೊಬ್ಬನಿಗೆ. ನೆನಪಿದೆಯಲ್ಲ, ಅಪ್ಪ ನಮ್ಮನ್ನು ಶಾಲೆಗೆ ಕರೆದೊಯ್ದ ದಿನ ನಿನಗೆ ಮೈಮೇಲೆ ಅಮ್ಮ ಎದ್ದಿದ್ದಳು. ಮೈತುಂಬ ಗುಳ್ಳೆ, ನೀನು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ನನ್ನನ್ನು ಮಾತ್ರ ಜೂನ್ ಒಂದಕ್ಕೆ ಬರೆದುಕೊಂಡರು. ಮರುವರ್ಷ ನೀನು ಹೋಗುವಷ್ಟರಲ್ಲಿ ಬೇರೆ ಮಾಸ್ತರರು ಬಂದಿದ್ದರು. ನಿನ್ನ ಮೇಲೆ ಅಕ್ಕರೆ ಹುಟ್ಟಿ ತಮ್ಮ ಮಗನ ಹುಟ್ಟಿದ ದಿನವನ್ನೇ ನಿನಗೂ ಬರೆದರು, ವರ್ಷವನ್ನೂ ಒಂದು ಮುಂದಕ್ಕೆ ಹಾಕಿದರು. ಹೀಗೆ ಸರಕಾರದ ಪ್ರಕಾರ ನಾನು ನಿನಗಿಂತ ವರ್ಷಕ್ಕೂ ಹೆಚ್ಚು ದೊಡ್ಡವನು. ಆಶೀರ್ವಾದ ಯಾಕೆ ಎಂದು ಈಗ ತಿಳಿಯಿತೇ? ನೀನು ಸೂಲಗಿತ್ತಿ ಕುಲಸುಮಬಿಯ ಸಾಕ್ಷಿ ತರುತ್ತೀ, ಗೊತ್ತು. ನಮ್ಮಿಬ್ಬರನ್ನೂ ಹಿಡಿದುಕೊಂಡ ಆ ಪುಣ್ಯಾತ್ಗಿತ್ತಿ, ಮೊದಲು ಹೊರಗೆ ಬಂದ ನನ್ನನ್ನು ತೋರಿಸಿ, “ಬಾಗಲದಾಗ ನಿಂತಾಂವ ಮೊದಲ ಹೊರಗ ಬಂದ. ಒಳಗ ಮೊದಲ ಹೊಕ್ಕಾಂವ ಹಿಂದ ಉಳದಾನ, ಅಂವಾ ಅಣ್ಣ” ಎಂದು ಹೇಳಿ ಹೋಗಿ ನನ್ನ ಜೀವನ ಹಾಳು ಮಾಡಿದಳು. ಅವಳ ಆ ಒಂದು ಮಾತಿನಿಂದ ನಿನ್ನ ಮಗಳು ನನ್ನನ್ನು ದೊಡ್ಡಪ್ಪ ಎನ್ನದೆ ಕಾಕಾ ಎನ್ನುತ್ತಾಳೆ.

ಅವ್ವ ಹೇಳುತ್ತಿದ್ದ ನಮ್ಮ ನಿಜವಾದ ದಿನ ಕಾರಹುಣ್ಣಿಮೆ. ಬಣ್ಣ ಬಳಿದ ಎತ್ತುಗಳು ಊರಬಾಗಿಲ ಅಗಸಿಗೆ ಕಟ್ಟಿದ ಕರಿಯ ಹಗ್ಗ ಹರಿಯಲು ಓಡಿ ಬರುವ ಹೊತ್ತು. ಅಪ್ಪ ಅಗಸಿಯ ಕಟ್ಟೆಯ ಮೇಲೆ ಕುಳಿತು ಸನಾದಿ ಊದುತ್ತಿದ್ದ. ಎರಡು ಗಂಡು ಎಂದು ಕುಲಸುಮಬಿ ಹೇಳಿ ಕಳಿಸಿದರೂ ಅಪ್ಪ ಏಳಲಿಲ್ಲ. ಕೊನೆಯ ಜೋಡಿ ಅಗಸಿ ದಾಟಿದ ಮೇಲೆಯೇ ಸನಾದಿ ಒರೆಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ. ಅವ್ವ ಅದನ್ನು ಹಿಡಿದು ಜಗಳ ತೆಗೆದಾಗಲೆಲ್ಲ ಅವನದು ಒಂದೇ ಉತ್ತರ: “ವೀಳ್ಯಾ ಹಿಡದ ಮ್ಯಾಲ ಮುಗೀತು. ಮನ್ಯಾಗ ಹುಟ್ಟಿದ್ರೂ ಅಷ್ಟ, ಸತ್ರೂ ಅಷ್ಟ.” ಎಲೆ ಅಡಿಕೆ ಕೈಗೆ ಬಂದಿತೆಂದರೆ ಊದಲೇಬೇಕು. ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಅದನ್ನು ತಪ್ಪಿಸಿಲ್ಲ.

ನೀನು ಒಡಹುಟ್ಟಿದವನು ಎಂದು ತಿಳಿದ ಮೇಲೆ ಲೋಹಿತ, “ಅವರನ್ನೂ ಕರಕೊಂಡ ಬರ್ರಿ ಕಾಕಾ, ತಾರೀಖ ಬ್ಯಾರೆ ಇದ್ರ ಇರಲಿ, ಕುರ್ಚಿ ಹಾಕಿರ್ತೇನಿ” ಅಂದಿದ್ದ. ಶೀಲಾಗೆ ಫೋನು ಮಾಡಿದೆ. ನೀನು ಮಲಗಿದ್ದೆ. ಹೋಗಲಿ ಬಿಡು. ಭಾನುವಾರ ಕರೆವ್ವ ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು ನಾನೊಬ್ಬನೇ ಶಿಗ್ಗಾವಿಗೆ ಹೋದೆ. ಎಷ್ಟು ಮದುವೆಯಲ್ಲಿ ಚಪ್ಪರದ ಅಂಚಿಗೆ, ಚಪ್ಪಲಿ ಬಿಡುವ ಜಾಗದ ಪಕ್ಕ ಕುಳಿತು ಊದಿದವರು ನಾವು! ಇಲ್ಲಿ ವೇದಿಕೆಯ ಮೇಲೆ ಕುರ್ಚಿ, ಹಿಂದೆ ಹೆಸರು ಬರೆದ ದೊಡ್ಡ ಬ್ಯಾನರು. ಸವಣೂರಿನ ಬ್ಯಾಂಡಿನ ನಿಯಾಜ ಬಂದಿದ್ದ. ರಮಜಾನ್ ತಿಂಗಳಲ್ಲಿ ಹುಟ್ಟಿದನೆಂದು ಅವನ ತಾಯಿ ಹೇಳುತ್ತಿದ್ದಳಂತೆ. ಚೌಡಿಕೆ ಪದದ ಸಿದ್ದವ್ವ ಬಂದಿದ್ದಳು. ಅವಳು ಹುಟ್ಟಿದ್ದು ಕೆರೆ ಒಡೆದ ವರ್ಷ, ಅದಕ್ಕಿಂತ ಹೆಚ್ಚಿನದು ಅವಳಿಗೂ ಗೊತ್ತಿಲ್ಲ. ಒಂದು ದೊಡ್ಡ ಕೇಕು ತಂದು ಎಲ್ಲರೂ ಒಂದೇ ಚಾಕುವಿಗೆ ಕೈ ಹಚ್ಚಿ ಎಂದರು. ಸಿದ್ದವ್ವ “ಇದರಾಗ ತತ್ತಿ ಐತೇನ?” ಎಂದು ಕೇಳಿ ಉತ್ತರ ಬರುವ ಮೊದಲೇ ತಿಂದು ಮುಗಿಸಿದಳು. ನಾನೂ ನಕ್ಕೆ. ನಗುತ್ತ ಪಕ್ಕಕ್ಕೆ ನೋಡಿದರೆ ನಿನ್ನ ಕುರ್ಚಿಯ ಮೇಲೆ ಹಾರದ ಬುಟ್ಟಿ ಇಟ್ಟಿದ್ದರು.

ಆಮೇಲೆ ಒಬ್ಬೊಬ್ಬರೂ ಏನಾದರೂ ಕೇಳಿಸಬೇಕು ಎಂದರು. ಸಿದ್ದವ್ವ ಹಾಡಿದಳು, ನಿಯಾಜ ಕ್ಲಾರಿಯೋನೆಟ್ ಊದಿ ಚಪ್ಪಾಳೆ ಹೊಡೆಸಿಕೊಂಡ. ನನ್ನ ಹೆಸರು ಕರೆದರು. ನಿನಗೆ ಗೊತ್ತು, ಶ್ರುತಿ ಹಿಡಿಯುವುದು ಬಿಟ್ಟರೆ ನನಗೆ ಏನು ಬರುತ್ತದೆ? ಸನಾದಿ ನಿನ್ನದು, ಶ್ರುತಿ ನನ್ನದು. ಹಾಡೆಲ್ಲ ನಿನ್ನ ಬೆರಳಲ್ಲಿ, ನನ್ನ ಕೊಳವಿಯ ತೂತಿಗೆಲ್ಲ ಅಪ್ಪನೇ ಮೇಣ ತುಂಬಿದ್ದ. ಮೂಗಿನಿಂದ ಉಸಿರು ಎಳೆಯುತ್ತ, ಗಲ್ಲದಲ್ಲಿ ಗಾಳಿ ತಡೆದುಕೊಂಡು, ಒಂದೇ ಸ್ವರವನ್ನು ಕಡಿಯದ ಹಾಗೆ ಹಿಡಿದಿರುವುದೇ ನನ್ನ ವಿದ್ಯೆ. ಅದಕ್ಕೆ ಒಂದು ಕೈ ಸಾಕು. ಇನ್ನೊಂದು ಕೈಯಿಂದ ನಿನ್ನ ಮುಖದ ಮೇಲೆ ಕೂರುವ ನೊಣ ಓಡಿಸುತ್ತಿದ್ದೆ. ಒಮ್ಮೆ ನೊಣವೆಂದು ನಿನ್ನ ಕಪಾಳಕ್ಕೇ ಹೊಡೆದೆ, ನೀನು ಬೀಗರ ಮುಂದೆ ಹಾಡು ಬಿಟ್ಟು ನನ್ನನ್ನು ಬೈದೆ.

ಮೈಕಿನ ಮುಂದೆ ಕುಳಿತು ಶ್ರುತಿ ಹಿಡಿದೆ. ಕಣ್ಣು ತಾನಾಗಿ ಮುಚ್ಚಿತು. ನೀನು ಎತ್ತಿಕೊಳ್ಳುವ ಮೊದಲು ಸನಾದಿಯನ್ನು ಮೊಣಕಾಲಿಗೆ ಒಮ್ಮೆ ತಟ್ಟುತ್ತೀಯಲ್ಲ, ಆ ಸಪ್ಪಳಕ್ಕೆ ಕಾದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಕಾದೆ. ಜನ ಹಾಡಿಗಾಗಿ ಕಾಯುತ್ತಿದ್ದರು, ನಾನು ನಿನಗಾಗಿ. ಶ್ರುತಿ ಹಿಡಿದವನು ತಾನಾಗಿ ನಿಲ್ಲಿಸುವ ಹಾಗಿಲ್ಲ, ಹಾಡು ಮುಗಿದಾಗಲೇ ನಿಲ್ಲಿಸಬೇಕು. ಹಾಡೇ ಸುರುವಾಗದಿದ್ದರೆ ಮುಗಿಯುವುದು ಯಾವಾಗ? ಎದೆ ನೋಯುವವರೆಗೆ ಹಿಡಿದೆ. ಕೊನೆಗೆ ಕಣ್ಣು ತೆಗೆದು ಕೊಳವಿ ಇಳಿಸಿದಾಗ ಮೈಕು ಹಿಡಿದ ಹುಡುಗ ಬಹಳ ಮರ್ಯಾದೆಯಿಂದ, “ಸುತಿ ಕೂಡ್ತ್ರಿ ಅಜ್ಜಾರ, ಇನ್ನ ಸುರು ಮಾಡ್ರಿ” ಅಂದ. ಜನ ನಕ್ಕರು, ಕೆಟ್ಟ ನಗೆಯಲ್ಲ. ನಾನು “ನಂದು ಇಷ್ಟರಿಪಾ” ಎಂದು ಹೇಳಿ ಕೆಳಗಿಳಿದೆ. ಊಟದ ಹೊತ್ತಿಗೆ ನಿಯಾಜ ಬಂದು ಪಕ್ಕ ಕುಳಿತ. “ಹುಲಗ್ಯಾ ಈಗ ಎತ್ಕೋತಾನ, ಈಗ ಎತ್ಕೋತಾನ ಅಂತ ನಾನೂ ಕಾಯಾಕತ್ತಿದ್ದೆ ನೋಡು” ಅಂದ. ನಾನು ಎಲೆ ಮಡಚಿ ಎದ್ದೆ.

ಅವರು ಹೊದಿಸಿದ ಶಾಲು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಿರುಗಿ ಬಂದೆ. ಪಕ್ಕದಲ್ಲಿ ಯಾರೋ ಕುಳಿತಿದ್ದರು, ಆದರೂ ಆ ಸೀಟು ನನಗೆ ಖಾಲಿಯಾಗಿಯೇ ಕಂಡಿತು. ಒಂಟಿತನ ಎಂದರೆ ಏನೆಂದು ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ ಹುಲಗೇಶಾ. ಹೊಟ್ಟೆಯೊಳಗೇ ಜೊತೆಗಿದ್ದವನಿಗೆ ಎಲ್ಲಿಂದ ಗೊತ್ತಾಗಬೇಕು? ಮನೆಯಲ್ಲಿ ಕರೆವ್ವ ಇದ್ದಾಳೆ, ಓಣಿಯಲ್ಲಿ ಜನ ಇದ್ದಾರೆ. ಆದರೂ ನಾನು ಒಬ್ಬನೇ ಇದ್ದೇನೆ.

ನಿನ್ನ ಮೇಲೆ ಸಿಟ್ಟೂ ಇದೆ, ಮುಚ್ಚಿಡುವುದಿಲ್ಲ. ಸವಣೂರಿನ ಆ ಮದುವೆಯಲ್ಲಿ ನಿನ್ನ ತುಟಿಯ ಮೂಲೆಯಿಂದ ಗಾಳಿ ಸೋರಿ ಹಾಡು ಮುರಿಯಿತು, ಗಂಡಿನ ಕಡೆಯವರು ಡಿಜೆ ಹಚ್ಚಿದರು. ಅದಕ್ಕೆ ನನಗೆ ಸಿಟ್ಟಿಲ್ಲ. ಮನೆಗೆ ಬಂದವನೇ ಸನಾದಿಯ ಚೀಲವನ್ನು ನನ್ನ ಮನೆಯ ಗೋಡೆಯ ಮೊಳೆಗೆ ನೇತುಹಾಕಿ, “ಇದನ್ನ ನೀ ಇಟ್ಕೊ. ನನಗ ಇನ್ನ ಏನ ಮಾಡೂದೈತಿ” ಎಂದು ಹೇಳಿ ಮರುದಿನವೇ ಅಬಲೂರಿಗೆ ಹೋಗಿಬಿಟ್ಟೆಯಲ್ಲ, ಅದಕ್ಕೆ ಸಿಟ್ಟು. ನಿನ್ನದು ನಿಂತರೆ ನನ್ನದೂ ನಿಂತ ಹಾಗೆ. ನಿಲ್ಲಿಸುವುದಿದ್ದರೆ ಇಬ್ಬರ ಮಾತೂ ಬೇಕಾಗಿತ್ತು, ನನ್ನನ್ನು ನೀನು ಕೇಳಲಿಲ್ಲ. ಇರಲಿ, ಬಾ ಎಂದು ಗೋಗರೆಯಲು ಈ ಕಾಗದ ಬರೆದದ್ದಲ್ಲ. ಸುದ್ದಿ ತಿಳಿಸಬೇಕಿತ್ತು, ತಿಳಿಸಿದೆ.

ಶೀಲಾಗೂ ಅಳಿಯಂದಿರಿಗೂ ನಮ್ಮ ನೆನಪು ಹೇಳು, ಮಕ್ಕಳ ತಲೆ ಸವರು. ಗಾಳಿಗೆ ಕೂರುವಾಗ ಕಿವಿಗೆ ಅರಿವೆ ಸುತ್ತಿಕೋ. ಹುಳಿ ತಿನ್ನಬೇಡ. ನೀನು ಚೆನ್ನಾಗಿರಬೇಕು, ನನಗೆ ಅಷ್ಟೇ ಬೇಕು.

ಸರಕಾರದ ಲೆಕ್ಕದಲ್ಲಿ ನಿನ್ನ ಅಣ್ಣ,
ಫಕ್ಕೀರಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತು. ನಿನ್ನೆ ಊರ ಹಿರಿಯರು ಕಾರಹುಣ್ಣಿಮೆಗೆ ವೀಳ್ಯ ಕೊಡಲು ಬಂದಿದ್ದರು. ಹುಲಗೇಶ ಇಲ್ಲವಲ್ಲ, ಈ ವರ್ಷ ಡಿಜೆ ತರಿಸೋಣವೇ ಎಂದರು. ನಾನು ಎರಡೂ ಕೈಗೆ ಬೇರೆ ಬೇರೆ ವೀಳ್ಯ ಹಿಡಿದೆ, ಒಂದು ನನ್ನದು, ಒಂದು ನಿನ್ನದು. ಇನ್ನು ತಪ್ಪಿಸುವ ಹಾಗಿಲ್ಲ. ಸನಾದಿ ನಾನು ಊದುತ್ತೇನೆ, ಗಾಬರಿಯಾಗಬೇಡ. ನಿನ್ನೆಯಿಂದಲೇ ನಿನ್ನ ಚೀಲ ಬಿಚ್ಚಿ ಹೊಲದ ಬದುವಿನ ಮೇಲೆ ಕುಳಿತು ಕಲಿಯುತ್ತಿದ್ದೇನೆ, ಕರೆವ್ವ ಕಿವಿಗೆ ಸೆರಗು ಹಾಕಿಕೊಳ್ಳುತ್ತಾಳೆ. ಹುಟ್ಟಿದಾಗಿನಿಂದ ಕೇಳಿದ್ದಕ್ಕೋ ಏನೋ, ಅಪ್ಪ ಅಗಸಿಯಲ್ಲಿ ಊದುತ್ತಿದ್ದ ಹಾಡೊಂದು ಅಷ್ಟಿಷ್ಟು ಬರುತ್ತದೆ, ಅದೂ ನಡುವೆ ಹಾದಿ ತಪ್ಪುತ್ತದೆ. ತಪ್ಪಿದಾಗ ತಿರುಗಿ ಬರಲು ನನಗೆ ಶ್ರುತಿ ಬೇಕು, ಅದನ್ನು ನೀನು ಹಿಡಿಯಬೇಕು. ಸನಾದಿಗೆ ಎರಡು ಕೈ ಬೇಕು, ನನ್ನ ಕೊಳವಿಗೆ ಒಂದೇ ಸಾಕು. ಇನ್ನೊಂದು ಕೈಯನ್ನು ಬಲಗಲ್ಲಕ್ಕೆ ಒತ್ತಿ ಹಿಡಿ, ತುಟಿಯ ಮೂಲೆ ಮುಚ್ಚುತ್ತದೆ, ಗಾಳಿ ಸೋರುವುದಿಲ್ಲ. ಬಾಯಿ ಓರೆ ಮಾಡಿಕೊಂಡು ನಾನು ಊದಿ ನೋಡಿದ್ದೇನೆ. ನೊಣ ಓಡಿಸಲು ಮಾತ್ರ ಕೈ ಉಳಿಯುವುದಿಲ್ಲ, ಕೂತರೆ ಕೂರಲಿ. ಎತ್ತುಗಳು ಅಗಸಿಗೆ ಬಂದು ನಿಂತರೂ ನೀನು ಶ್ರುತಿ ಹಿಡಿಯುವವರೆಗೆ ನಾನು ಸುರು ಮಾಡುವುದಿಲ್ಲ. ಬಾ, ಅಣ್ಣಾ.