ಹಲ್ಲಿಯನ್ನೇ ಯಾಕೆ ಆರಿಸಿದೆ?

ಮಾರ್ಚ್ ೧೪, ಬೆಳಗ್ಗೆ

ಪುಟ್ಟೀ,

ಉತ್ತರ ಬರೆಯೋದು ಮೂರು ವಾರ ತಡವಾಯ್ತು, ಬೈಬೇಡ. ಡಯಾಲಿಸಿಸ್ ಸೂಜಿಯನ್ನ ಈಗ ಬಲಗೈಗೆ ಚುಚ್ತಾರೆ. ನಾಲ್ಕು ಸಾಲು ಬರೆದರೆ ಕೈ ಮುಷ್ಕರ ಹೂಡುತ್ತೆ. ಉಳಿದಂತೆ ಆರಾಮಾಗಿದ್ದೇನೆ. ವಾರಕ್ಕೆರಡು ಸಲ ಎದುರುಮನೆ ಟೈಲರ್ ಸ್ಕೂಟರಲ್ಲಿ ಆಸ್ಪತ್ರೆಗೆ ಬಿಡ್ತಾನೆ. ದಾರಿಯುದ್ದಕ್ಕೂ ಅವನ ಅತ್ತೆಯ ಪುರಾಣ. ಅದೂ ಒಂದು ಚಿಕಿತ್ಸೆ ಅಂದ್ಕೊಂಡಿದ್ದೇನೆ.

ನಿನ್ನೆ ನಿನ್ನ ಗೈಡ್ ಫೋನ್ ಮಾಡಿದ್ರು. "ಮೇಡಂ, ನಿಮ್ಮ ಮಗಳು ನೀರುನಾಯಿ ಬಿಟ್ಟು ಮನೆಹಲ್ಲಿ ಮೇಲೆ ಪಿಎಚ್‌ಡಿ ಮಾಡ್ತಾಳಂತೆ, ಅದೂ ನಿಮ್ಮ ಬೀದಿಯಲ್ಲೇ. ಅರ್ಜಿ ಬಂದಿದೆ. ಗೊತ್ತಾ ನಿಮಗೆ?" ಅಂದ್ರು. ಗೊತ್ತು ಅಂತ ಸುಳ್ಳು ಹೇಳಿದೆ. ಕಾರಣ ಏನು ಬರೆದಿದ್ದಾಳೆ ಅಂತ ಕೇಳಿದೆ. "ಈ ಪ್ರಾಣಿಯ ಬಗ್ಗೆ ಹೆಚ್ಚಿನ ಅಧ್ಯಯನ ನಡೆದಿಲ್ಲ" ಅಂತ ಓದಿದ್ರು. ನಗು ತಡೆಯೋಕಾಗಲಿಲ್ಲ.

ಆ ಸಾಲನ್ನ ಪ್ರಾಣಿಗಳ ಹಿಂದೆ ಬಿದ್ದ ನಮ್ಮ ಕಸುಬಿನವರೆಲ್ಲ ಬರೆದಿದ್ದಾರೆ, ನಾನೂ ಬರೆದಿದ್ದೆ. ನಿಜ ಕಾರಣ ಯಾರೂ ಬರೆಯಲ್ಲ ಕಣೇ. ಬೆಳಗ್ಗೆ ಏಳೋಕಾಗದವರು ಬಾವಲಿ ಹಿಡೀತಾರೆ. ಗುರುಗಳು ಕಪ್ಪೆ ಹಿಂದೆ ಬಿದ್ದಿದ್ರೆ ಶಿಷ್ಯರಿಗೂ ಕಪ್ಪೆಯೇ ಗತಿ. ಪ್ರಾಣಿ ಕಣ್ಣಿಗೆ ಬೀಳಬೇಕು, ಎಣಿಕೆಗೆ ಸಿಗಬೇಕು, ರಸ್ತೆ ಹತ್ತಿರ ಇರಬೇಕು, ಆದಷ್ಟೂ ಕಚ್ಚಬಾರದು. ಇದರಲ್ಲಿ ತಪ್ಪೇನಿಲ್ಲ. ಹಲ್ಲಿಯನ್ನ ಇಷ್ಟಪಟ್ಟು ಓದೋರ ಮೇಲೆ ನನಗೆ ಗೌರವವೇ ಇದೆ. ಆದರೆ ನೀನು ಹಲ್ಲಿ ಕಂಡರೆ ಮಂಚ ಹತ್ತೋಳು. ಹೊಳೆದಂಡೆ ಕೆಸರಲ್ಲಿ ಬೋರಲು ಮಲಗಿ, ನೀರುನಾಯಿ ಹಿಕ್ಕೆ ಸಿಕ್ಕಿದ್ದಕ್ಕೆ ಬಂಗಾರ ಸಿಕ್ಕವಳ ಹಾಗೆ ಫೋನ್ ಮಾಡಿದೋಳು. ನನ್ನ ಆಸ್ಪತ್ರೆ ದಿನಗಳನ್ನ ನೋಡ್ಕೊಂಡು ಹಲ್ಲಿ ಆರಿಸಿದ್ದೀಯ. ಅಷ್ಟೂ ತಿಳಿಯಲ್ವಾ ನನಗೆ?

ಅರ್ಜಿ ವಾಪಸ್ ತಗೋ. ಶುಕ್ರವಾರದವರೆಗೆ ಸಮಯ ಇದೆಯಂತೆ. ಇಲ್ಲಿ ಟೈಲರ್ ಇದ್ದಾನೆ, ನರ್ಸ್ ಇದ್ದಾಳೆ, ನಿನ್ನ ಚಿಕ್ಕಮ್ಮ ತಿಂಗಳಿಗೊಮ್ಮೆ ಬಂದು ನನ್ನ ಜೊತೆ ಜಗಳ ಆಡಿ ಹೋಗ್ತಾಳೆ. ನೀನು ಹೊಳೆಗೆ ಹೋಗು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಅಮ್ಮನಿಗೆ ಅಳಿಲು ಅಂದ್ರೆ ಪ್ರಾಣ ಅಂತ ನೀನು ಎಲ್ಲರ ಹತ್ತಿರ ಹೇಳ್ತೀಯ. ನಾನು ಓದಬೇಕು ಅಂತಿದ್ದದ್ದು ತೋಳದ ಬಗ್ಗೆ. ನೀನು ಹುಟ್ಟಿದೆ, ನಿನ್ನಪ್ಪ ಬಿಟ್ಟುಹೋದರು, ಕಾಲೇಜಿನ ಹಿತ್ತಲಲ್ಲಿ ಅಳಿಲುಗಳಿದ್ದವು. ಹದಿನೆಂಟು ವರ್ಷ ಅವನ್ನ ಎಣಿಸಿದೆ. ಒಂದು ದಿನವೂ ಅವುಗಳ ಮೇಲೆ ಪ್ರೀತಿ ಬರಲಿಲ್ಲ. ಕೆಲವು ದಿನ, ಹೇಳೋಕೆ ಬಾಯಿ ಬರಲ್ಲ ಪುಟ್ಟೀ, ನಿನ್ನ ಮೇಲೂ ಬರಲಿಲ್ಲ. ನೀನು ನನ್ನನ್ನ ಹಾಗೆ ನೋಡೋ ದಿನ ನನಗೆ ಬೇಡ.