ಅತ್ತಿಗೆಯ ಕೈಗುಣ

ಅಣ್ಣನಿಗೆ ನಮಸ್ಕಾರ. ದೇವರ ದಯೆಯಿಂದ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

"ಟೊಮೆಟೊ ಗಿಡಗಳು ಈ ಸಲವೂ ಸೊರಗಿದವು, ನಿನ್ನ ಅತ್ತಿಗೆಯ ಕೈಗುಣವೇ ಸರಿಯಿಲ್ಲ, ಇನ್ನು ಸಸಿ ಮುಟ್ಟಬೇಡ ಅಂದಿದ್ದೇನೆ" ಎಂದು ಬರೆದಿದ್ದೀಯ. ಸ್ವಲ್ಪ ತಾಳು.

ನಾನು ಕೆಲಸ ಮಾಡುವ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ ನಿನ್ನೆ ಎರಡು ಟೊಮೆಟೊ ಗಿಡ ಕಿತ್ತು ಬೇರು ತೊಳೆದೆ. ಎರಡಕ್ಕೂ ಒಂದೇ ಮಣ್ಣು, ನೆಟ್ಟದ್ದೂ ನನ್ನ ಇದೇ ಕೈ. ಒಂದರ ಬೇರಿನ ತುಂಬ ಶುಂಠಿಯ ಹಾಗೆ ಗಂಟುಗಳು. ಇನ್ನೊಂದರ ಬಿಳಿ ಬೇರಿನಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು.

ಬೆರಗಾಗಿ ಅಲ್ಲಿನ ವಿಜ್ಞಾನಿ ಮೇಡಂ ಅವರನ್ನು ಕೇಳಿದೆ. "ಕಣ್ಣಿಗೆ ಕಾಣದ ಹುಳ ಅಕ್ಕಾ, ಬೇರಿಗೆ ಹೊಕ್ಕು ಗಂಟು ಕಟ್ಟಿಸುತ್ತೆ, ಗಿಡಕ್ಕೆ ನೀರೇ ಏರಲ್ಲ. ಗಂಟು ಕಮ್ಮಿ ಇರೋ ಈ ಗಿಡಕ್ಕೆ ಮಣ್ಣಲ್ಲಿರೋ ಬ್ಯಾಕ್ಟೀರಿಯಾದ ವಿಷದ ಜೀನ್ ಸೇರಿಸಿದೀವಿ. ಬೇರು ತಿಂದ ಹುಳದ ಹೊಟ್ಟೆ ತೂತು!" ಅಂದರು.

ಅಣ್ಣಾ, ಹುಳವನ್ನಿಟ್ಟ ಮಣ್ಣಿನಲ್ಲೇ ದೇವರು ಅದಕ್ಕೆ ಮದ್ದನ್ನೂ ಇಟ್ಟಿದ್ದಾನೆ. ಆ ಬಿಳಿ ಬೇರಿಗೆ ಕೈ ಮುಗಿಯೋಣವೆಂದರೆ ಕೈಯೆಲ್ಲ ಕೆಸರು. ಹಾಗೇ ಮುಗಿದೆ.

ಆ ಗಿಡದ ಬೀಜ ಕಳಿಸು ಅನ್ನಬೇಡ. ಪರೀಕ್ಷೆ ಇನ್ನೂ ಮುಗಿದಿಲ್ಲ, ಒಂದು ಎಲೆಯೂ ಹೊರಗೆ ಹೋಗುವಂತಿಲ್ಲ. ನೀನು ಸೊರಗಿದ ಗಿಡವೊಂದನ್ನು ಕಿತ್ತು, ಬೇರು ತೊಳೆದು ನೋಡು. ಗಂಟು ಕಂಡರೆ ಅತ್ತಿಗೆಯನ್ನು ಕರೆದು ತೋರಿಸು. ತಪ್ಪಾಯಿತು ಅನ್ನಲು ನಿನಗೆ ಬಾಯಿ ಬರುವುದಿಲ್ಲ, ನನಗೆ ಗೊತ್ತು. ಹುಳವಿಲ್ಲದ ಬೇರೆ ಜಾಗದಲ್ಲಿ ಪಾತಿ ಮಾಡಿ, ಮೊದಲ ಸಸಿಯನ್ನು ಅವರ ಕೈಗೆ ಕೊಡು, ಸಾಕು.

ಇಂತಿ,
ಅದೇ ಕೈಯ ತುತ್ತು ತಿಂದು ಬೆಳೆದ
ನಿನ್ನ ತಂಗಿ