ನಾಲ್ಕರ ಕಟ್ಟು

ಜನವರಿ 12, ಸೋಮವಾರ

ಮತ್ತೆ ಅದೇ. ಭಾಂಡುಪ್‌ನಿಂದ ಲೋಕಲ್, ಲೇಡೀಸ್ ಡಬ್ಬಿ, ಯಾರದೋ ಒದ್ದೆ ಕೂದಲು ನೇರ ನನ್ನ ಬಾಯಿಗೆ. ಥೂ! ಆದರೂ ನಗುತ್ತಲೇ ನಿಂತಿದ್ದೆ. ಬೆಳಿಗ್ಗೆ ಪ್ರಶಾಂತ ನನ್ನ ಟಿಫಿನ್ ತುಂಬಿಸಿಕೊಟ್ಟ. ನೀರುದೋಸೆಯನ್ನು ತ್ರಿಕೋನವಾಗಿ ಮಡಚಿ! ಮಾಟುಂಗದ ಹೋಟೆಲಿನ ಮ್ಯಾನೇಜರ್, ದಿನವಿಡೀ ಪ್ಲೇಟುಗಳನ್ನೇ ನೋಡುವವನು, ನನ್ನೊಬ್ಬಳ ದೋಸೆಗೆ ಇಷ್ಟು ನಾಜೂಕು. ಮದುವೆಯಾಗಿ ಇನ್ನೂ ಎರಡು ತಿಂಗಳಾಗಿಲ್ಲ. ಐ ಲವ್ ಹಿಮ್, ಐ ಲವ್ ಹಿಮ್.

ಆಮೇಲೆ ಆಫೀಸು. ಸುಖ ಅಲ್ಲಿಗೆ ಮುಗಿಯಿತು.

ಕೇಳಿದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ — ಯೂನಿವರ್ಸಿಟಿಯ ಐಟಿ ಸೆಲ್‌ನಲ್ಲಿ ಅಪ್ರೆಂಟಿಸ್, ನಾಲ್ಕು ದಿನ ಕೆಲಸ, ಎರಡು ದಿನ ಅಲ್ಲೇ ಕ್ಲಾಸ್, ಕೊನೆಗೆ ಬಿ.ಎಸ್ಸಿ. ಐಟಿ. ಏನು ಕೆಲಸ ಅಂತ ಮಾತ್ರ ಹೇಳುವುದಿಲ್ಲ. ಆನ್‌ಲೈನ್ ಕೋರ್ಸಿನವರು ಮನೆಯಲ್ಲೇ ಕೂತು ಪರೀಕ್ಷೆ ಬರೆಯುತ್ತಾರೆ. ಕ್ಯಾಮೆರಾ ಅವರನ್ನು ನೋಡುತ್ತಿರುತ್ತದೆ. ಸಾಫ್ಟ್‌ವೇರ್‌ಗೆ ಅನುಮಾನ ಬಂದಲ್ಲೆಲ್ಲ ಒಂದು ತುಣುಕು ಕತ್ತರಿಸಿ ನಮಗೆ ಕಳಿಸುತ್ತದೆ. ನೋಡಿ ಒತ್ತಬೇಕು: ‘ಕಾಪಿ’ ಅಥವಾ ‘ಸರಿ ಇದೆ’. ಅಷ್ಟೇ ನನ್ನ ಟೆಕ್ನಾಲಜಿ!

ಇವತ್ತು ಮೂಗಿಗೆ ಬೆರಳಿಟ್ಟವನೊಬ್ಬ. ಬೆರಳನ್ನು ಎಲ್ಲಿ ಒರೆಸಿದ ಅಂತ ಬರೆಯುವುದಿಲ್ಲ. ಪಕ್ಕದ ಕುರ್ಚಿಯ ಅಪ್ರೆಂಟಿಸ್ ಧನರಾಜ್ ವಡಾಪಾವ್ ಜಗಿಯುತ್ತಲೇ, "ಫಿರ್ ಸೆ ಲಗಾ, ಫಿರ್ ಸೆ!" ಇನ್ನೊಮ್ಮೆ ಹಾಕಬೇಕಂತೆ! ಅದೇ ಎಣ್ಣೆ ಕೈ ನನ್ನ ಮೌಸ್ ಮೇಲೆ. ವ್ಯಾಕ್.

ಜನವರಿ 15, ಗುರುವಾರ

ಧನರಾಜ್‌ಗೆ ಹೊಸ ಆಟ — ಜನರ ಮನೆಗಳು. "ಫ್ರಿಜ್ ಕೆ ಊಪರ್ ಭಗವಾನ್, ಭಗವಾನ್ ಕೆ ಊಪರ್ ಸೂಟ್‌ಕೇಸ್!" ಇವನ ಮನೆಯೇನು ದಹಿಸರ್‌ನಲ್ಲಿ ಅರಮನೆಯೇ? ನಾನೂ ನಕ್ಕೆ. ಯಾಕೆ ನಕ್ಕೆನೋ.

ಮಧ್ಯಾಹ್ನ ಶಬ್ರೀನ ಅನ್ನುವ ಹುಡುಗಿಯ ತುಣುಕುಗಳು ಬಂದವು. ಬಿ.ಕಾಂ. ವಿಳಾಸ ನೋಡಿದರೆ ನಮ್ಮದೇ ಭಾಂಡುಪ್, ಗುಡ್ಡದ ಮೇಲಿನ ಚಾಳ್. ಒಂದೇ ಖೋಲಿಯ ಮನೆ. ಹುಡುಗಿ ಸ್ಕ್ರೀನ್ ನೋಡುತ್ತಿದ್ದಾಳೆ. ಹಿಂದಿನಿಂದ ಮುದುಕಿಯ ದನಿ: "ದೋ." ಮುಗಿಯಿತು ತುಣುಕು. ಮುಂದಿನದು: "ಚಾರ್." ಇನ್ನೊಂದು: "ಏಕ್." ಪ್ರತಿ ಪ್ರಶ್ನೆಗೂ ನಾಲ್ಕೇ ಆಯ್ಕೆ. ದನಿಯಲ್ಲೂ ನಾಲ್ಕು ದಾಟಿದ ಅಂಕಿಯೇ ಇಲ್ಲ!

ನಮ್ಮ ಬಾಸ್ ಸ್ನೇಹಲ್ ಮ್ಯಾಡಮ್ ಚಪ್ಪಾಳೆ ತಟ್ಟಿದರು. "ಓಪನ್ ಅಂಡ್ ಶಟ್. ಆಜಿ ಉತ್ತರ ಹೇಳಿಕೊಡ್ತಿದ್ದಾಳೆ. ಕಾಪಿ ಮಾರ್ಕ್ ಕರ್."

ಮಾರ್ಕ್ ಮಾಡಿದೆ. ಪರೀಕ್ಷಾ ಕಮಿಟಿ ಒಪ್ಪಿದರೆ ಹುಡುಗಿಯ ಇಡೀ ಸೆಮಿಸ್ಟರ್ ರದ್ದು.

ಜನವರಿ 19, ಸೋಮವಾರ

ನಿದ್ದೆಗೆಟ್ಟು ಬರೆಯುತ್ತಿಲ್ಲ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಊಟ ಸೇರಲಿಲ್ಲ.

ಒಂದು ತುಣುಕಿನ ಬಾಲದಲ್ಲಿ ಅರ್ಧ ಮಾತು ಇತ್ತು — "ಹತ್ತೇತಿ ನೋಡ". ಕನ್ನಡ! ತಡೆಯಲಾಗಲಿಲ್ಲ. ಪೂರ್ತಿ ರೆಕಾರ್ಡಿಂಗ್ ತೆರೆದು ಹೆಡ್‌ಫೋನ್ ಹಾಕಿ ಕೂತೆ. ಪಟ್ ಪಟ್ ಪಟ್ ಸದ್ದು. ನಂತರ "ಏಕ್". ಪಟ್ ಪಟ್. "ದೋ". ಬಾಗಿಲಾಚೆ ಯಾರಿಗೋ — "ಅಂಬವ್ವಾ, ಹಿಟ್ಟ ಕಡಿಮಿ ಬಿತ್ತಲ್ಲ! ತೀನ್. ಇದು ಹತ್ತೇತಿ, ಮನಿಗೇ ಇರ್ಲಿ... ಚಾರ್." ಪ್ಲಾಸ್ಟಿಕ್ ಚೀಲದ ಸರಸರ. ಮತ್ತೆ ಏಕ್.

ರೊಟ್ಟಿ! ಮುದುಕಿ ರೊಟ್ಟಿ ಬಡಿಯುತ್ತಿದ್ದಾಳೆ! ಸೀದದ್ದು ಮನೆಗೆ, ಉಳಿದದ್ದು ಮಾರಾಟಕ್ಕೆ.

ಉಳಿದದ್ದನ್ನು ರಾತ್ರಿ ಬರೆಯುತ್ತಿದ್ದೇನೆ. ಊಟಕ್ಕೆ ಕೂತಾಗ ಪ್ರಶಾಂತನಿಗೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕ. "ಮಾರಾಯ್ತಿ, ಜೋಳದ ರೊಟ್ಟಿ ಬರೋದೇ ನಾಲ್ಕರ ಕಟ್ಟು. ನಮ್ಮ ಹೋಟೆಲಿಗೂ ಹಾಗೇ ಕೊಡ್ತಾರೆ. ನಾಲ್ಕು ಆಯ್ತಾ, ಕಟ್ಟು. ಐದು ಅಂತ ಎಣಿಸೋದೇ ಇಲ್ಲ."

ತಬ್ಬಿಕೊಂಡೆ. ಅವನು ನನ್ನ ಕಿವಿಯಲ್ಲೇ ಹೇಳಿದ, "ಆದ್ರೆ ನೀನು ಸುಮ್ಮನಿರು ಆಯ್ತಾ ನಿಖಿ? ನಿನ್ನ ಡಿಗ್ರಿಯ ಅರ್ಧದಷ್ಟು ಮಾರ್ಕು ಆ ಮ್ಯಾಡಮ್ ಕೈಯಲ್ಲಿ ಉಂಟಲ್ಲ."

ತಬ್ಬಿದ ಕೈ ಹಾಗೇ ಇತ್ತು. ಅದೇ ಮೊದಲ ಸಲ ತೆಗೆಯಬೇಕು ಅನ್ನಿಸಿತು.

ಜನವರಿ 20, ಮಂಗಳವಾರ

ಹೇಳಿಯೇಬಿಟ್ಟೆ. ಮ್ಯಾಡಮ್ ಉಗುರಿಗೆ ಬಣ್ಣ ಹಚ್ಚುತ್ತಿದ್ದರು. ಆಫೀಸಿನಲ್ಲಿ! ಆ ವಾಸನೆಗೇ ತಲೆ ಸುತ್ತಿತು.

"ಪೂರಾ ರೆಕಾರ್ಡಿಂಗ್ ಸುನ್ನಾ ತೇರಾ ಕಾಮ್ ನಹೀ. ಕ್ಲಿಪ್ ದೇಖೋ, ಕ್ಲೋಸ್ ಕರೋ."

"ಮ್ಯಾಡಮ್, ಸಾಫ್ಟ್‌ವೇರ್ ಅಂಕಿಗಳನ್ನಷ್ಟೇ ಕತ್ತರಿಸಿದೆ. ಸಾಲಾಗಿ ಕೇಳಿದರೆ ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು... ಉತ್ತರ ಹೀಗೆ ಸಾಲಾಗಿ ಬರುತ್ತದೆಯೇ?"

"ತೇರೀ ರಿಶ್ತೇದಾರ್ ಹೈ ಕ್ಯಾ?"

ನನ್ನ ಸಂಬಂಧಿಕಳೇ ಅಂತ, ಎಲ್ಲರ ಮುಂದೆ. ಧನರಾಜ್ ಕಿಸಕ್ಕನೆ ನಕ್ಕ. ನಾನು ಸೀಟಿಗೆ ಬಂದು ಪೂರ್ತಿ ರೆಕಾರ್ಡಿಂಗನ್ನು ಕಮಿಟಿಗೆ ಕಳಿಸಿದೆ. ಕೆಳಗೆ ನನ್ನ ಹೆಸರು. ಅದನ್ನೇ ಎರಡು ಸಲ ತಪ್ಪಾಗಿ ಟೈಪ್ ಮಾಡಿದೆ.

ಜನವರಿ 29, ಗುರುವಾರ

ಕಮಿಟಿ. ಶಬ್ರೀನ ಬಂದಳು, ಜೊತೆಗೆ ಅಜ್ಜಿ ಇಮಾಮಬಿ. ಕನ್ನಡ ಬರುವವಳು ನಾನೊಬ್ಬಳೇ ಅಂತ ನನ್ನನ್ನೇ ಕೂರಿಸಿದರು. ಹುಡುಗಿ ಹಿಂದಿಯಲ್ಲಿ ಅತ್ತಳು. ಇಮಾಮಬಿ ಅಳಲಿಲ್ಲ.

"ನಾ ಏನ್ ಬಿಕಾಂ ಕಲಿಸ್ಲಿ ಯವ್ವಾ? ಸಾಲೀ ಬಾಗಲಾ ನೋಡಿಲ್ಲ. ರೊಟ್ಟಿ ಎಣಸ್ತೇನಿ."

ಕನ್ನಡದವರಾದರೆ ಹಿಂದಿಯಲ್ಲೇಕೆ ಎಣಿಸುತ್ತೀರಿ ಅಂತ ಒಬ್ಬ ಸರ್.

"ಅಂಗಡ್ಯಾಂವಗ ಎಣಸಿ ಕೊಡಬೇಕಲ್ಲ? ಅವಂಗ ಕನ್ನಡ ಬರಂಗಿಲ್ಲ. ರೂಢಿ ಆಗೇತಿ." ಆಮೇಲೆ ನನ್ನತ್ತ ತಿರುಗಿ, "ನೀ ಎಲ್ಲ್ಯಾಕಿ? ಪುಸ್ತಕ ಓದಿದಂಗ ಮಾತಾಡ್ತಿ!"

"ಉಡುಪಿ ಕಡೆಯವಳು ಅಜ್ಜಿ."

"ಹಂಗಾರ ಬಿಡು, ನಿನ್ನ ತಪ್ಪಲ್ಲ."

ನಗು ಬಂತು. ನಾನೂ, ಶಬ್ರೀನಾಳೂ ನಕ್ಕೆವು, ಅವಳು ಕಣ್ಣೀರಿನಲ್ಲೇ. ಕಮಿಟಿ ‘ಕಾಪಿ’ ತೆಗೆಯಿತು. ತೆಗೆಯಿತು!! ಆದರೆ ಮ್ಯಾಡಮ್ ಒಂದು ಸಾಲು ಸೇರಿಸಿದರು: ಮುಂದಿನ ಪರೀಕ್ಷೆಗೆ ಖೋಲಿಯಲ್ಲಿ ಬೇರೆ ಯಾರೂ ಇರಕೂಡದು, ಇನ್ನೊಮ್ಮೆ ಅನುಮಾನ ಬಂದರೆ ವಿಚಾರಣೆಯಿಲ್ಲದೆ ರದ್ದು.

ಆ ಸಾಲನ್ನು ಕನ್ನಡದಲ್ಲಿ ಹೇಳಿದ್ದು ನಾನು.

ಇಮಾಮಬಿ ಕೇಳಿದರು, "ಮತ್ತ ನಾ ಎಲ್ಲಿ ಹೋಗ್ಲಿ? ಒಲಿ ಅಲ್ಲೇ ಐತಿ."

ಅದನ್ನು ಇಂಗ್ಲಿಷ್‌ನಲ್ಲಿ ಹೇಳಿದೆ. ಕಮಿಟಿಯವರು ಬಿಸ್ಕತ್ತಿನ ತಟ್ಟೆ ಪಕ್ಕಕ್ಕೆ ಸರಿಸಿ ಏಳುತ್ತಿದ್ದರು. ಒದ್ದೆ ಬಿಸ್ಕತ್ತಿನ ಚೂರು ಒಬ್ಬರ ಮೀಸೆಯಲ್ಲಿ. ಅಷ್ಟು ಅಸಹ್ಯ ಮೂಗಿಗೆ ಬೆರಳಿಟ್ಟವನನ್ನು ನೋಡಿದಾಗಲೂ ಆಗಿರಲಿಲ್ಲ.

ಫೆಬ್ರವರಿ 24, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಮ್ಯಾಡಮ್ ನನ್ನೊಂದಿಗೆ ಮಾತಾಡುವುದಿಲ್ಲ. ಪ್ರಶಾಂತ ಮಾತಾಡುತ್ತಾನೆ, ತುಂಬಾ ಪ್ರೀತಿಯಿಂದ. ಆದರೆ ಬೆಳಿಗ್ಗೆ ಟಿಫಿನ್ ಕೈಗಿಡುತ್ತಾ ಒಂದೇ ಮಾತು, "ಇವತ್ತು ಎಂಥದೂ ಕಿರಿಕಿರಿ ಮಾಡ್ಬೇಡ ಆಯ್ತಾ?"

ಇವತ್ತು ಶಬ್ರೀನಾಳ ಎರಡು ಗಂಟೆಯ ಪರೀಕ್ಷೆ. ಲೈವ್ ನೋಡುತ್ತಾ ಕೂತೆ. ಖೋಲಿಯಲ್ಲಿ ಅವಳೊಬ್ಬಳೇ. ಒಲೆ ಉರಿಯುತ್ತಿಲ್ಲ. ಪಟ್ ಪಟ್ ಇಲ್ಲ, ದನಿ ಇಲ್ಲ. ಫ್ಯಾನಿನ ಸದ್ದಷ್ಟೇ. ಸಮಾಧಾನವಾಯಿತು.

ಆಮೇಲೆ ಹುಡುಗಿ ಬಾಗಿಲ ಕಡೆ ನೋಡತೊಡಗಿದಳು. ಬರೆದಳು, ನೋಡಿದಳು. ಹೊರಗೆ ಎಂಥ ಬಿಸಿಲು ಇವತ್ತು! ಆ ಗುಡ್ಡದ ಮೇಲೆ ಒಂದು ಮರವಿಲ್ಲ, ನಮ್ಮ ಬಾಲ್ಕನಿಯಿಂದ ದಿನಾ ಕಾಣುತ್ತದೆ. ಮತ್ತೆ ನೋಡಿದಳು. ಕೆಂಪು ಪಟ್ಟಿ: ‘ದೃಷ್ಟಿ ಸ್ಕ್ರೀನಿನ ಹೊರಗೆ.’ ಒಂದರ ಹಿಂದೊಂದು ತುಣುಕುಗಳು ನನ್ನ ಸಾಲಿಗೇ ಬಂದು ಬಿದ್ದವು.

ಧನರಾಜ್ ಬಗ್ಗಿ ನೋಡಿದ. ಈ ಸಲ ನಗಲಿಲ್ಲ. "ಮ್ಯಾಡಮ್ ಕೊ ಬುಲಾಊಂ?" ಅಂದ.

"ನಕೋ," ಕರೆಯಬೇಡ ಅಂದೆ.

ಎಲ್ಲಕ್ಕೂ ‘ಸರಿ ಇದೆ’ ಒತ್ತಿದೆ. ಕಾರಣದ ಜಾಗದಲ್ಲಿ ಬರೆದೆ: ಅಜ್ಜಿಯನ್ನು ಬಿಸಿಲಿಗೆ ಕಳಿಸಿದವರು ನಾವು, ಹುಡುಗಿ ಅವರನ್ನೇ ನೋಡುತ್ತಿದ್ದಾಳೆ. ನನ್ನ ಹೆಸರು ಹಾಕಿದೆ. ಈ ಸಲ ಸರಿಯಾಗಿ ಟೈಪ್ ಆಯಿತು.

ಮ್ಯಾಡಮ್ ಕ್ಯಾಬಿನ್ನಿನ ಬಾಗಿಲು ತೆರೆದು ನಿಂತಿದ್ದಾರೆ. ಕರೆಯುತ್ತಿಲ್ಲ, ಬಾಗಿಲು ಹಿಡಿದುಕೊಂಡೇ ಇದ್ದಾರೆ. ಅವರು ಶುರು ಮಾಡುವ ಮೊದಲು ನಾನೇ ಕೇಳಬೇಕು — ಆ ಎರಡು ಗಂಟೆ ಇಮಾಮಬಿ ಎಲ್ಲಿ ಕೂತಿದ್ದರು, ನೀರಾದರೂ ಯಾರು ಕೊಟ್ಟರು ಅಂತ.